ಸಣ್ಣ ಹಡಗಿನಲ್ಲಿ ಲಕ್ಷದ್ವೀಪ: ಅತ್ತೆ-ಮಾವ, ಮಕ್ಕಳ ಜೊತೆ ಹೋಗಿ ಬಂದೆವು, ಏನಾದರೂ ಕೇಳುವುದಿದ್ದರೆ ಕೇಳಿ

ತುಂಗೆ ದಡದವಳು

ಕ್ರೂಸ್ ಅಂದರೆ ಹತ್ತು ಹನ್ನೆರಡು ಮಹಡಿ, ಮೇಲೊಂದು ಈಜುಕೊಳ, ರಾತ್ರಿಯಿಡೀ ಹಾಡು ಕುಣಿತ ಅಂದುಕೊಂಡು ಈ ಚರ್ಚೆಗೆ ಬಂದವರು ಬೇಜಾರಾಗಬೇಡಿ. ನಾವು ಹೋಗಿದ್ದು ಎಂ.ವಿ. ಕವರತ್ತಿಯಲ್ಲಿ. ಕೊಚ್ಚಿಯಿಂದ ಲಕ್ಷದ್ವೀಪಕ್ಕೆ ಓಡಾಡುವ ಸರ್ಕಾರಿ ಹಡಗು. 700 ಜನ ಹಿಡಿಸುತ್ತದೆ. ದ್ವೀಪಕ್ಕೆ ಹೋಗುವ ಪ್ರಯಾಣಿಕರ ಹಡಗುಗಳಲ್ಲಿ ಇದೇ ದೊಡ್ಡದು, ಆದರೆ ಮುಂಬೈ, ಸಿಂಗಾಪುರದ ಕ್ರೂಸ್ ಹಡಗುಗಳ ಪಕ್ಕ ನಿಲ್ಲಿಸಿದರೆ ಕಣ್ಣಿಗೂ ಕಾಣುವುದಿಲ್ಲ.

ಹೋದವರು ನಾನು, ನಮ್ಮವರು, ಎಂಟನೇ ಕ್ಲಾಸಿನ ಮಗಳು, ಎರಡನೇ ಕ್ಲಾಸಿನ ಮಗ, ಅತ್ತೆ, ಮಾವ. ಮಾವನಿಗೆ ಒಂದು ಮಂಡಿ ನೋವು. ಅತ್ತೆ ಈರುಳ್ಳಿ-ಬೆಳ್ಳುಳ್ಳಿ ಕೂಡ ದಿನ ನೋಡಿ ತಿನ್ನುವವರು. ಈ ಎರಡು ವಿಷಯ ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ನನಗೆ ಬಂದ ಫೋನುಗಳಲ್ಲಿ ಮುಕ್ಕಾಲು ಪಾಲು ಪ್ರಶ್ನೆ ಇವೇ.

ಪ್ಯಾಕೇಜಿನ ಹೆಸರು ‘ಸಮುದ್ರಂ’. ಲಕ್ಷದ್ವೀಪ ಆಡಳಿತದ ಪ್ರವಾಸೋದ್ಯಮ ಸಂಸ್ಥೆ ‘ಸ್ಪೋರ್ಟ್ಸ್’ ಇದನ್ನು ನಡೆಸುತ್ತದೆ. ಲೆಕ್ಕ ಸರಳ. ರಾತ್ರಿ ಹಡಗು ಓಡುತ್ತದೆ, ಬೆಳಗ್ಗೆ ಒಂದು ದ್ವೀಪ ಬರುತ್ತದೆ, ಸಂಜೆ ಮತ್ತೆ ಹಡಗಿಗೆ ವಾಪಸ್. ಕವರತ್ತಿ, ಕಲ್ಪೇನಿ, ಮಿನಿಕಾಯ್ ಮೂರೂ ಆಗುತ್ತದೆ. ಯಾವುದು ಮೊದಲು ಅನ್ನುವುದು ಆಯಾ ಟ್ರಿಪ್ಪಿಗೆ ಬಿಟ್ಟಿದ್ದು. ಮಲಗುವುದು ಹಡಗಿನ ಕ್ಯಾಬಿನ್‌ನಲ್ಲೇ, ಹಾಗಾಗಿ ಮೂರು ಊರು ಸುತ್ತಿದರೂ ಸೂಟ್‌ಕೇಸ್ ಒಂದೇ ಸಲ ಬಿಚ್ಚಿದರೆ ಸಾಕು. ವಯಸ್ಸಾದವರನ್ನು ಕರೆದುಕೊಂಡು ಹೋಗುವ ನನ್ನಂಥವರಿಗೆ ಇದರ ಬೆಲೆ ಗೊತ್ತು.

ಈಗ ಹಡಗು. ಇದು ಪ್ರವಾಸಿಗರಿಗಾಗಿ ಕಟ್ಟಿದ್ದಲ್ಲ. ದ್ವೀಪದವರಿಗೆ ಇದೇ ಬಸ್ಸು, ಇದೇ ಆಂಬುಲೆನ್ಸ್, ಇದೇ ಮದುವೆ ದಿಬ್ಬಣದ ವ್ಯಾನು. ಕೊಚ್ಚಿಯ ವಿಲಿಂಗ್ಡನ್ ದ್ವೀಪದಲ್ಲಿ ಹಡಗು ಹತ್ತುವ ಜೆಟ್ಟಿಯಲ್ಲಿ ನಮ್ಮ ಮುಂದಿನ ಸಾಲಿನಲ್ಲಿದ್ದವರ ಸಾಮಾನು ನೋಡಬೇಕಿತ್ತು. ಮಿಕ್ಸಿ, ಹಾಸಿಗೆ, ಈರುಳ್ಳಿ ಮೂಟೆ, ಎಕ್ಸ್-ರೇ ಕವರ್ ಹಿಡಿದ ಅಜ್ಜ, ಕೇರಳದ ಕಾಲೇಜುಗಳಿಂದ ರಜೆಗೆ ಹೊರಟ ಹುಡುಗಿಯರ ಗುಂಪು. ನಮ್ಮ ಮಗಳು ಮೊದಲ ಅರ್ಧ ಗಂಟೆ ಮುಖ ಊದಿಸಿಕೊಂಡಿದ್ದಳು. “ಇದು ಕ್ರೂಸಾ ಅಮ್ಮಾ?” ಅಂತ ಒಂದೇ ಪ್ರಶ್ನೆ. ಅವಳದು ತಪ್ಪಲ್ಲ. ನಮಗೆ ಟಿಕೆಟ್ ಮಾಡಿಸಿಕೊಟ್ಟ ಏಜೆಂಟ್ ಕಳಿಸಿದ್ದ ಫೋಟೋಗಳು ಬೇರೆ ಯಾವುದೋ ಹಡಗಿನವು. ‘ಐಷಾರಾಮಿ ಕ್ರೂಸ್’ ಅಂತ ಬೇರೆ ಬರೆದಿದ್ದ. ಅವನ ಹೆಸರು ಇಲ್ಲಿ ಬೇಡ. ಆದರೆ ನೀವು ಬುಕ್ ಮಾಡುವಾಗ ಹಡಗಿನ ಹೆಸರು ಕೇಳಿ, ಆ ಹೆಸರು ಹಾಕಿ ನೀವೇ ವಿಡಿಯೋ ಹುಡುಕಿ.

ಕ್ಯಾಬಿನ್ ಸಾಕಷ್ಟು ಇಕ್ಕಟ್ಟು, ಆದರೆ ಅಚ್ಚುಕಟ್ಟು. ಎರಡು ಹಾಸಿಗೆಯದೂ ಇದೆ, ನಾಲ್ಕು ಹಾಸಿಗೆಯದೂ ಇದೆ. ಕೆಳಗೆ ಬಂಕ್ ಕ್ಲಾಸ್ ಅಂತ ದೊಡ್ಡ ಹಾಲ್, ಸಾಲುಸಾಲು ಬರ್ತ್. ದ್ವೀಪದವರು ಹೆಚ್ಚಾಗಿ ಅಲ್ಲಿರುತ್ತಾರೆ. ನಮ್ಮ ಮಗ ಅಲ್ಲೇ ಬೀಡುಬಿಟ್ಟ. ಯಾರೋ ಒಂದು ಲೂಡೋ ಹಾಸಿದ್ದರು, ಅಷ್ಟು ಸಾಕಾಯಿತು. ಹೊತ್ತು ಮುಳುಗುವಷ್ಟರಲ್ಲಿ ಅವನು ಮಲಯಾಳಂನಲ್ಲಿ ‘ವಾ’ (ಬಾ), ‘ಪೋ’ (ಹೋಗು) ಅಂತ ಮಾತಾಡುತ್ತಿದ್ದ. ಅತ್ತೆ ಪಕ್ಕ ಕೂತಿದ್ದ ದ್ವೀಪದ ಅಜ್ಜಿಗೆ ಚಕ್ಕುಲಿ ಕೊಟ್ಟರು, ಅವರು ತೆಂಗಿನಕಾಯಿ-ಬೆಲ್ಲದ ಹಲ್ವಾ ಕೊಟ್ಟರು. ಅತ್ತೆ ನನ್ನ ಕಡೆ ತಿರುಗಿ ಮೆಲ್ಲಗೆ ಕೇಳಿದ್ದು “ಇದರಲ್ಲಿ ಮೊಟ್ಟೆ ಇಲ್ಲ ತಾನೆ?” ಅಂತ. ಇಲ್ಲ ಅಂತ ಖಚಿತವಾದ ಮೇಲೆ ಡಬ್ಬಿ ಖಾಲಿ.

ಸಮುದ್ರದ ಮಧ್ಯೆ ಫೋನ್ ಸತ್ತ ಹಾಗೆ. ಸಿಗ್ನಲ್ ಇರುವುದಿಲ್ಲ. ದ್ವೀಪ ಮುಟ್ಟಿದರೆ ಬರುತ್ತದೆ. 2024ರ ಜನವರಿಯಲ್ಲಿ ಕೊಚ್ಚಿಯಿಂದ ಸಮುದ್ರದಡಿಯ ಕೇಬಲ್ ಎಳೆದ ಮೇಲೆ ಇಂಟರ್‌ನೆಟ್ ಪರವಾಗಿಲ್ಲ ಅಂತ ಅಲ್ಲಿಯವರೇ ಹೇಳಿದರು.

ಇನ್ನು ನಿಜವಾಗಿ ಕಷ್ಟದ ಭಾಗ. ಹಡಗಲ್ಲ, ಹಡಗಿನಿಂದ ಇಳಿಯುವುದು. ಈ ದ್ವೀಪಗಳ ಸುತ್ತ ಹವಳದ ದಿಬ್ಬ, ಒಳಗೆ ಆಳವಿಲ್ಲದ ನೀರು, ಅಂದರೆ ಲಗೂನ್. ಹಡಗು ಒಳಗೆ ಬರಲಾಗುವುದಿಲ್ಲ, ಹೆಚ್ಚಾಗಿ ಹೊರಗೆ ಆಳದಲ್ಲೇ ನಿಲ್ಲುತ್ತದೆ. ಕೆಳಗಿನ ಡೆಕ್ಕಿನಲ್ಲಿ ಪಕ್ಕದ ಬಾಗಿಲು ತೆಗೆಯುತ್ತಾರೆ. ದೋಣಿ ಬಂದು ಆತುಕೊಳ್ಳುತ್ತದೆ. ಆ ದೋಣಿ ಒಂದು ಕ್ಷಣ ನಿಮ್ಮ ಕಾಲಿನ ಮಟ್ಟಕ್ಕೆ ಏರುತ್ತದೆ, ಮರುಕ್ಷಣ ಮಂಡಿಯಷ್ಟು ಕೆಳಗೆ ಹೋಗುತ್ತದೆ. ಅದು ಮೇಲೆ ಬಂದಾಗಲೇ ಕಾಲಿಡಬೇಕು. ಬಾಗಿಲಲ್ಲಿ ಇಬ್ಬರು, ದೋಣಿಯಲ್ಲಿ ಇಬ್ಬರು ಇರುತ್ತಾರೆ. ರಟ್ಟೆ ಹಿಡಿದುಕೊಂಡು ‘ಈಗ’ ಅನ್ನುವ ಹೊತ್ತಿಗೆ ನೀವು ಆಚೆ ಇರುತ್ತೀರಿ. ಮಾವನನ್ನು ಹೆಚ್ಚುಕಡಿಮೆ ಎತ್ತಿಯೇ ಇಟ್ಟರು. ಅವರಿಗೆ ಅದೇ ದೊಡ್ಡ ಕಥೆಯಾಗಿದೆ, ಈಗಲೂ ಬಂದವರಿಗೆಲ್ಲ ಹೇಳುತ್ತಾರೆ. ಅತ್ತೆ ಮಾತ್ರ ಎರಡನೇ ದ್ವೀಪದಲ್ಲಿ ಇಳಿಯಲೇ ಇಲ್ಲ. “ನೀವು ಹೋಗಿ ಬನ್ನಿ, ನಾನು ಇಲ್ಲೇ ಡೆಕ್ ಮೇಲೆ ಕೂತಿರುತ್ತೇನೆ” ಅಂದರು. ನಾವು ಒತ್ತಾಯ ಮಾಡಲಿಲ್ಲ.

ಆದ್ದರಿಂದ ನನ್ನ ಅಭಿಪ್ರಾಯ ಇಷ್ಟೇ. ಕ್ಯಾಬಿನ್ ಯಾವ ಕ್ಲಾಸು, ಊಟ ಹೇಗೆ ಅಂತ ತಲೆಕೆಡಿಸಿಕೊಳ್ಳುವ ಮೊದಲು, ನಿಮ್ಮ ಮನೆಯವರಲ್ಲಿ ಆ ಒಂದು ಹೆಜ್ಜೆ ಇಡಲಾಗದವರು ಯಾರು ಅಂತ ನೋಡಿ. ಇದ್ದರೆ ಕೊಚ್ಚಿಯಿಂದ ಅಗತ್ತಿ ದ್ವೀಪಕ್ಕೆ ವಿಮಾನ ಇದೆ, ಅದು ಸರಿ. ಇಲ್ಲದಿದ್ದರೆ ಹಡಗಿಗೇ ಹೋಗಿ. ವಿಮಾನದಲ್ಲಿ ಹೋದವರಿಗೆ ದ್ವೀಪ ಸಿಗುತ್ತದೆ, ದ್ವೀಪದವರು ಅಷ್ಟಾಗಿ ಸಿಗುವುದಿಲ್ಲ.

ಗಿರ್ಮಿಟ್

ಅಕ್ಕಾರೆ, ಭಾರಿ ಚೆನ್ನಾಗಿ ಬರೆದಿದ್ದೀರಿ. ಎರಡು ಪ್ರಶ್ನೆ. ಒಂದು, ಪಕ್ಕಾ ಸಸ್ಯಾಹಾರಿಗಳಿಗೆ ಹೊಟ್ಟೆ ತುಂಬುತ್ತದಾ? ನಮ್ಮ ಮನೆಯಲ್ಲಿ ಮೀನಿನ ವಾಸನೆ ಬಂದರೆ ನಮ್ಮ ತಾಯಿ ಊಟ ಬಿಟ್ಟು ಏಳುತ್ತಾರೆ. ಎರಡು, ನನ್ನ ಮಗಳಿಗೆ ಇನ್ನೂ ಎರಡು ತುಂಬಿಲ್ಲ. ಕರೆದುಕೊಂಡು ಹೋಗಬಹುದಾ?

ತುಂಗೆ ದಡದವಳು

ಊಟ ಕೇರಳದ ಕಡೆಯದು. ಅನ್ನ, ಸಾಂಬಾರು, ಪಲ್ಯ, ಹಪ್ಪಳ, ಬೆಳಗ್ಗೆ ಇಡ್ಲಿ ಅಥವಾ ಪೂರಿ. ಹೊಟ್ಟೆ ತುಂಬುತ್ತದೆ, ನಾಲಿಗೆಗೆ ಹಬ್ಬ ಏನಿಲ್ಲ. ಮಧ್ಯಾಹ್ನದ ಊಟ ದ್ವೀಪದಲ್ಲಿ. ಅಲ್ಲಿ ಟ್ಯೂನಾ ಮೀನು ಇಲ್ಲದ ಮನೆಯಿಲ್ಲ, ಹಾಗಾಗಿ ವಾಸನೆ ಇದ್ದೇ ಇರುತ್ತದೆ. ಮಿನಿಕಾಯ್‌ನಲ್ಲಿ ಟ್ಯೂನಾವನ್ನು ಬೇಯಿಸಿ, ಹೊಗೆ ಹಾಕಿ, ಒಣಗಿಸಿ ‘ಮಾಸ್’ ಮಾಡುತ್ತಾರೆ. ಕಲ್ಲಿನಷ್ಟು ಗಟ್ಟಿ. ನಿಮ್ಮ ತಾಯಿಗೆ ಆ ಬೀದಿ ಕಷ್ಟ ಆಗಬಹುದು. ನಾವು ಅವಲಕ್ಕಿ, ಚಟ್ನಿಪುಡಿ, ಉಪ್ಪಿನಕಾಯಿ ಒಯ್ದಿದ್ದೆವು, ಉಪಯೋಗಕ್ಕೆ ಬಂತು.

ಎರಡು ವರ್ಷದ ಮಗು... ನಾನಾಗಿದ್ದರೆ ಇನ್ನೂ ಸ್ವಲ್ಪ ಕಾಯುತ್ತಿದ್ದೆ. ದೋಣಿಗೆ ಮಗುವನ್ನು ಕೈಯಿಂದ ಕೈಗೆ ದಾಟಿಸುತ್ತಾರೆ, ದ್ವೀಪದ ತಾಯಂದಿರು ಹಸುಗೂಸನ್ನೂ ಹಾಗೇ ದಾಟಿಸುತ್ತಾರೆ, ಅವರಿಗೆ ಅದು ಅಭ್ಯಾಸ. ನನ್ನ ಎದೆ ಅಷ್ಟು ಗಟ್ಟಿಯಿಲ್ಲ.

ಬಾಲ್ಕನಿ ರೂಮ್

ಕ್ಷಮಿಸಿ, ಆದರೆ ದುಡ್ಡು ಕೊಟ್ಟು ಇದನ್ನು ಯಾಕೆ ಮಾಡಬೇಕು? ನಾವು ಮುಂಬೈಯಿಂದ ದೊಡ್ಡ ಹಡಗಿನಲ್ಲಿ ಲಕ್ಷದ್ವೀಪಕ್ಕೆ ಹೋಗಿ ಬಂದೆವು. ಮಕ್ಕಳಿಗೆ ಈಜುಕೊಳ, ಆಟದ ಕೋಣೆ, ನಮಗೆ ಬಾಲ್ಕನಿ, ರಾತ್ರಿ ಶೋ, ಜೈನ್ ಊಟ ಬೇರೆ. ರಜೆ ಅಂದರೆ ಆರಾಮ ಅಲ್ವಾ? ಲೂಡೋ ಆಡಲು ಹಡಗು ಯಾಕೆ, ಮನೆಯಲ್ಲೇ ಆಡಬಹುದು.

ತುಂಗೆ ದಡದವಳು

ನಿಮಗೆ ಆರಾಮ ಬೇಕಿತ್ತು, ಸಿಕ್ಕಿತು, ಸಂತೋಷ. ನಮ್ಮ ಮಗಳೂ ಮೊದಲ ದಿನ ನಿಮ್ಮ ಪಾರ್ಟಿಯೇ. ಒಂದು ಮಾತ್ರ ಕೇಳಬೇಕಿತ್ತು. ದ್ವೀಪದಲ್ಲಿ ಎಷ್ಟು ಹೊತ್ತು ಇದ್ದಿರಿ?

ಬಾಲ್ಕನಿ ರೂಮ್

ನಿಜ ಹೇಳುತ್ತೇನೆ. ಒಂದೇ ದ್ವೀಪ, ಕೆಲವೇ ಗಂಟೆ. ಅಷ್ಟೂ ಜನರನ್ನು ದೋಣಿಯಲ್ಲಿ ದಾಟಿಸುವುದರಲ್ಲೇ ಅರ್ಧ ದಿನ ಹೋಯಿತು. ಆದರೆ ನಮಗೆ ಅದು ಮುಖ್ಯ ಆಗಿರಲಿಲ್ಲ.

ಎಂಜಿನ್ ರೂಮ್ ರಾಯರು

ನಾನು ಮರ್ಚೆಂಟ್ ನೇವಿಯಲ್ಲಿ ಎಂಜಿನಿಯರ್ ಆಗಿದ್ದವನು, ಈಗ ನಿವೃತ್ತ, ಮೈಸೂರು. ದೊಡ್ಡದು-ಸಣ್ಣದರ ವಿಷಯದಲ್ಲಿ ಒಂದು ತಾಂತ್ರಿಕ ಮಾತು.

ಅಲೆ ಒಂದೇ, ಆದರೆ ಸಣ್ಣ ಹಡಗು ಬೇಗ ಬೇಗ ಹೊರಳುತ್ತದೆ. ದೊಡ್ಡದು ನಿಧಾನ ಹೊರಳುತ್ತದೆ, ಕಿವಿಯೊಳಗಿನ ಸಮತೋಲನಕ್ಕೆ ಅಷ್ಟು ಏಟು ಬೀಳುವುದಿಲ್ಲ. ಹಾಗಾಗಿ ವಾಕರಿಕೆ ಬರುವವರು ಸಣ್ಣ ಹಡಗಿನಲ್ಲಿ ಕ್ಯಾಬಿನ್ ಆರಿಸುವಾಗ ಕೆಳಗೆ, ಮಧ್ಯದಲ್ಲಿ ಕೇಳಬೇಕು. ಉದ್ದಕ್ಕೆ ನೋಡಿದರೆ ಮಧ್ಯ, ಎತ್ತರಕ್ಕೆ ನೋಡಿದರೆ ಕೆಳಗೆ. ಅಲ್ಲಿ ಅಲುಗಾಟ ಎಲ್ಲಕ್ಕಿಂತ ಕಮ್ಮಿ. ಎಲ್ಲರೂ ದುಡ್ಡು ಜಾಸ್ತಿ ಕೊಟ್ಟು ಮೇಲಿನ, ಮುಂದಿನ ಕ್ಯಾಬಿನ್ ಹಿಡಿಯುತ್ತಾರೆ. ರಾತ್ರಿ ಬಕೆಟ್ ಹಿಡಿದು ಕೂರುವವರೂ ಅವರೇ.

ಮಾತ್ರೆಯನ್ನು ವಾಕರಿಕೆ ಶುರುವಾದ ಮೇಲೆ ನುಂಗಿದರೆ ಅದು ಹೊಟ್ಟೆಯಲ್ಲಿ ನಿಲ್ಲುವುದೇ ಇಲ್ಲ. ಹೊರಡುವ ಮೊದಲೇ ತೆಗೆದುಕೊಳ್ಳಬೇಕು. ಮಕ್ಕಳಿಗೆ, ಬಿಪಿ-ಶುಗರ್ ಇರುವ ಹಿರಿಯರಿಗೆ ಯಾವುದು, ಎಷ್ಟು ಅಂತ ಡಾಕ್ಟರನ್ನೇ ಕೇಳಿ. ಖಾಲಿ ಹೊಟ್ಟೆಯಲ್ಲಿ ಇರಬೇಡಿ, ಗಡದ್ದಾಗಿಯೂ ತಿನ್ನಬೇಡಿ. ಫೋನ್ ನೋಡಬೇಡಿ. ಡೆಕ್ ಮೇಲೆ ಬಂದು ಆಕಾಶ ಸಮುದ್ರ ಕೂಡುವ ಗೆರೆ ನೋಡಿ.

ಮೇಡಂ, ಮಿನಿಕಾಯ್ ಕಡೆ ಹೋದ ರಾತ್ರಿ ಹಡಗು ಜಾಸ್ತಿ ಅಲುಗಾಡಿತೇ?

ತುಂಗೆ ದಡದವಳು

ಹೌದು ಸಾರ್! ಹೇಗೆ ಗೊತ್ತಾಯಿತು? ಅವತ್ತು ನಮ್ಮವರು ಮಲಗಿದಲ್ಲಿಂದ ಏಳಲಿಲ್ಲ. ಮಗ ವಾಂತಿ ಮಾಡಿಕೊಂಡು, ಬಾಯಿ ತೊಳೆದು, ಮತ್ತೆ ಬಿಸ್ಕತ್ ಕೇಳಿದ. ಮಕ್ಕಳೇ ವಾಸಿ.

ಎಂಜಿನ್ ರೂಮ್ ರಾಯರು

ಮಿಕ್ಕ ದ್ವೀಪಗಳಿಗೂ ಮಿನಿಕಾಯ್‌ಗೂ ನಡುವೆ ‘ನೈನ್ ಡಿಗ್ರಿ ಚಾನೆಲ್’ ಇದೆ. ಸುಮಾರು 200 ಕಿ.ಮೀ. ತೆರೆದ ಸಮುದ್ರ. ಅಲೆಗೆ ಅಡ್ಡ ಬರಲು ಒಂದು ದಿಬ್ಬವೂ ಇಲ್ಲ. ಕೊಲ್ಲಿ ದೇಶಗಳಿಂದ, ಸೂಯೆಜ್ ಕಡೆಯಿಂದ ಸಿಂಗಾಪುರದತ್ತ ಹೋಗುವ ಹಡಗುಗಳ ಹೆದ್ದಾರಿ ಅದು. ನಾನು ಎಷ್ಟೋ ಸಲ ಅಲ್ಲಿ ಹಾದುಹೋಗಿದ್ದೇನೆ. ರಾತ್ರಿ ಡೆಕ್ ಮೇಲೆ ನಿಂತಿದ್ದರೆ ದೂರದಲ್ಲಿ ದೊಡ್ಡ ಹಡಗುಗಳ ದೀಪ ಕಂಡಿರಬೇಕು. ಆ ದೀಪಗಳಲ್ಲಿ ಒಂದರ ಕೆಳಗೆ ನಮ್ಮಂಥ ಯಾರೋ ಎಣ್ಣೆ ಮೆತ್ತಿಕೊಂಡು ಪಂಪ್ ರಿಪೇರಿ ಮಾಡುತ್ತಿರುತ್ತಾರೆ.

ಮಿನಿಕಾಯ್ ಗಂಡಸರು ಹಡಗಿನ ಕೆಲಸಕ್ಕೆ ಹೆಸರುವಾಸಿ. ಪ್ರಪಂಚದ ಯಾವ ಬಂದರಿಗೆ ಹೋದರೂ ಒಬ್ಬ ಸಿಗುತ್ತಾನೆ. ನನ್ನ ಜೊತೆ ಡೆಕ್ಕಿನಲ್ಲಿದ್ದವರು ರಜೆ ಮುಗಿಸಿ ಬರುವಾಗ ಮಾಸ್ ತಂದುಕೊಡುತ್ತಿದ್ದರು. ನಾನು ಮಾಧ್ವ, ತಿನ್ನುವಂತಿಲ್ಲ. ಅಡುಗೆಯವನಿಗೆ ಕೊಟ್ಟರೆ ಅವತ್ತು ನನಗೆ ಎರಡು ಲೋಟ ಕಾಫಿ ಸಿಗುತ್ತಿತ್ತು.

ಬಂದರ್ ರೋಡ್

ಮಂಗಳೂರಿನವನಾಗಿ ಇಲ್ಲಿ ಬಾಯಿ ಹಾಕದಿದ್ದರೆ ಆಗುವುದಿಲ್ಲ. ಎಲ್ಲರೂ ಕೊಚ್ಚಿ ಕೊಚ್ಚಿ ಅನ್ನುತ್ತೀರಿ. ಅಮಿನಿ, ಕಡ್ಮತ್, ಕಿಲ್ತಾನ್, ಚೆಟ್ಲತ್, ಬಿತ್ರಾ ಈ ಐದು ದ್ವೀಪಗಳು 1956ರವರೆಗೆ ನಮ್ಮ ದಕ್ಷಿಣ ಕನ್ನಡ ಜಿಲ್ಲೆಯಲ್ಲೇ ಇದ್ದವು. ಅದಕ್ಕೂ ಹಿಂದೆ ಅವು ಟಿಪ್ಪುವಿನ ಕೈಯಲ್ಲಿದ್ದವು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಬ್ರಿಟಿಷರಿಗೆ ಹೋದವು, ಅವರು ಮಂಗಳೂರಿನಿಂದಲೇ ಆಡಳಿತ ಮಾಡಿದರು. ತೆಂಗಿನ ನಾರು ಅಲ್ಲಿಂದ ಇಲ್ಲಿಗೆ, ಅಕ್ಕಿ ಇಲ್ಲಿಂದ ಅಲ್ಲಿಗೆ.

ಈಗಲೂ ಹಳೆ ಬಂದರಿಗೆ ಹೋಗಿ ನೋಡಿ. ಮಳೆಗಾಲ ಬಿಟ್ಟು ಉಳಿದ ದಿನಗಳಲ್ಲಿ ಮಂಜಿಗಳು, ಅಂದರೆ ಸಾಮಾನು ಸಾಗಿಸುವ ದೋಣಿಗಳು, ನಿಂತಿರುತ್ತವೆ. ತರಕಾರಿ, ಸಿಮೆಂಟು, ಜಲ್ಲಿ, ಆಡು ಎಲ್ಲವೂ ಲಕ್ಷದ್ವೀಪಕ್ಕೆ. ನಾನು ಸಣ್ಣವನಿದ್ದಾಗ ಪ್ರಯಾಣಿಕರ ಸಣ್ಣ ಹಡಗೂ ಬರುತ್ತಿತ್ತು. ಆಸ್ಪತ್ರೆಗೆ, ಮದುವೆ ಜವಳಿಗೆ ಅಂತ ಬಂದವರು ಬಂದರಿನ ಲಾಡ್ಜುಗಳಲ್ಲಿ ತುಂಬಿರುತ್ತಿದ್ದರು. 2024ರ ಮೇ ತಿಂಗಳಲ್ಲಿ ‘ಪರಳಿ’ ಎಂಬ ವೇಗದ ಹಡಗು ಒಂದು ಸಲ ಬಂದು ಹೋಯಿತು, ಏಳು ಗಂಟೆಯಲ್ಲಿ ತಲುಪಿತ್ತು. ನಾವೆಲ್ಲ ಬಂದರಿಗೆ ಹೋಗಿ ಫೋಟೋ ತೆಗೆದುಕೊಂಡೆವು. ಇಲ್ಲಿಂದ ಖಾಯಂ ಹಡಗು ಶುರುವಾದರೆ ಬೆಂಗಳೂರಿನವರು ಎರ್ನಾಕುಲಂ ತನಕ ರೈಲಿನಲ್ಲಿ ಹೋಗುವುದು ಯಾಕೆ ಮಾರಾಯ್ರೆ?

ಅಮ್ಮನ ಮಗ

ಎಲ್ಲ ಸರಿ. ಆದರೆ 2021ರ ಡಿಸೆಂಬರ್‌ನಲ್ಲಿ ಇದೇ ಎಂ.ವಿ. ಕವರತ್ತಿಯ ಎಂಜಿನ್ ಕೋಣೆಯಲ್ಲಿ ಬೆಂಕಿ ಹತ್ತಿದ್ದನ್ನು ಯಾರೂ ಹೇಳುತ್ತಿಲ್ಲ. ಆರುನೂರಕ್ಕೂ ಹೆಚ್ಚು ಪ್ರಯಾಣಿಕರಿದ್ದರು. ಯಾರಿಗೂ ಏನೂ ಆಗಲಿಲ್ಲ, ನಿಜ. ಆದರೂ ವಯಸ್ಸಾದ ಅಮ್ಮನನ್ನು ಕರೆದುಕೊಂಡು ಹೋಗಬೇಕು ಅಂದಾಗ ಅದೇ ತಲೆಯಲ್ಲಿ ಕೂತಿದೆ.

ಎಂಜಿನ್ ರೂಮ್ ರಾಯರು

ಕೇಳಿದ್ದು ಒಳ್ಳೆಯದಾಯಿತು. ಹಡಗಿನಲ್ಲಿ ನಾವು ಮುಳುಗುವುದಕ್ಕಿಂತ ಬೆಂಕಿಗೆ ಹೆಚ್ಚು ಹೆದರುತ್ತೇವೆ. ಎಂಜಿನ್ ಕೋಣೆಯಲ್ಲಿ ಬಿಸಿ, ಎಣ್ಣೆ, ವಿದ್ಯುತ್ ಮೂರೂ ಒಂದೇ ಕಡೆ ಇರುತ್ತದೆ. ಅದಕ್ಕೇ ಅಲ್ಲಿ ಜನರನ್ನು ಹೊರಗೆ ಕರೆದು, ಬಾಗಿಲು ಮುಚ್ಚಿ, ಕಾರ್ಬನ್ ಡೈಆಕ್ಸೈಡ್ ತುಂಬಿ ಬೆಂಕಿ ಕೊಲ್ಲುವ ಏರ್ಪಾಡು ಇರುತ್ತದೆ. ಬೆಂಕಿ ಆರುತ್ತದೆ, ಆದರೆ ಎಂಜಿನ್ನೂ ನಿಲ್ಲುತ್ತದೆ. ಕರೆಂಟು, ಫ್ಯಾನು, ಎಸಿ ಇಲ್ಲ. ಎಳೆಯಲು ಬೇರೆ ಹಡಗು ಬರುವ ತನಕ ಕಾಯಬೇಕು. ಅವತ್ತು ಕೋಸ್ಟ್ ಗಾರ್ಡ್ ನೆರವಿಗೆ ಬಂತು.

ಇದರಿಂದ ನೀವು ಮಾಡಬೇಕಾದ್ದು ಇಷ್ಟೇ. ಹತ್ತಿದ ದಿನ ತುರ್ತು ಅಭ್ಯಾಸಕ್ಕೆ ಕರೆದರೆ ಕ್ಯಾಬಿನ್‌ನಲ್ಲಿ ಮಲಗಿಕೊಂಡು ತಪ್ಪಿಸಬೇಡಿ. ಲೈಫ್ ಜಾಕೆಟ್ ಎಲ್ಲಿದೆ ಅಂತ ಕೇಳುವುದಲ್ಲ, ತೆಗೆದು ಒಂದು ಸಲ ಹಾಕಿಕೊಳ್ಳಿ, ಅಮ್ಮನಿಗೂ ಹಾಕಿಸಿ. ಕ್ಯಾಬಿನ್‌ನಿಂದ ಮೇಲಿನ ಡೆಕ್ಕಿಗೆ ಹೋಗುವ ಎರಡು ದಾರಿ ನಡೆದು ನೋಡಿ. ಬಿಪಿ ಮಾತ್ರೆ, ಟಾರ್ಚು, ಒಂದು ಬಾಟಲಿ ನೀರು ತಲೆದಿಂಬಿನ ಹತ್ತಿರ ಇರಲಿ. ಮೂವತ್ತು ಮಹಡಿಯ ಹೋಟೆಲಿನಲ್ಲಿ ಉಳಿದಾಗ ಇದರಲ್ಲಿ ಒಂದನ್ನೂ ನಾವು ಮಾಡುವುದಿಲ್ಲ, ಅಲ್ಲವೇ?

ಹಿಮದಲ್ಲೊಬ್ಬ ಕನ್ನಡಿಗ

ತುಂಗಕ್ಕ, ನಿಮ್ಮ ಹಡಗಿನ ಕಥೆ ಓದುತ್ತಾ ನಮ್ಮೂರಿನದೇ ಓದಿದ ಹಾಗಾಯಿತು. ನಾನಿರುವುದು ನಾರ್ವೆಯಲ್ಲಿ. ಇಲ್ಲಿ ಬರ್ಗೆನ್‌ನಿಂದ ಉತ್ತರದ ಕಿರ್ಕೆನೆಸ್ ತನಕ ಕರಾವಳಿ ಹಡಗು ಓಡುತ್ತದೆ. 1893ರಲ್ಲಿ ಟಪಾಲು ಒಯ್ಯಲು ಶುರುವಾಗಿದ್ದು. 34 ಬಂದರು. ಪ್ರವಾಸಿಗರು ಫ್ಯೋರ್ಡ್ (ಬೆಟ್ಟಗಳ ನಡುವೆ ಒಳನುಗ್ಗಿದ ಸಮುದ್ರ) ನೋಡುತ್ತಾ ಬಾಯಿ ಬಿಟ್ಟು ನಿಂತಿರುತ್ತಾರೆ, ಪಕ್ಕದಲ್ಲಿ ಊರಿನವನೊಬ್ಬ ಮುಂದಿನ ಬಂದರಿನಲ್ಲಿ ಇಳಿಯಲು ಚೀಲ ಹಿಡಿದು ನಿಂತಿರುತ್ತಾನೆ. ರಾತ್ರಿ ಎರಡು ಗಂಟೆಗೂ ಯಾವುದೋ ಬಂದರಿನಲ್ಲಿ ನಿಂತು ಪೆಟ್ಟಿಗೆ ಇಳಿಸುತ್ತಾರೆ. ಈಜುಕೊಳ, ಕ್ಯಾಸಿನೋ ಕೇಳಿದರೆ ನಗುತ್ತಾರೆ.

ನಮ್ಮ ಅಪ್ಪ-ಅಮ್ಮ ಊರಿಂದ ಬಂದಾಗ ಅದರಲ್ಲಿ ಕರೆದುಕೊಂಡು ಹೋಗಿದ್ದೆ. ಅಲ್ಲಿ ಹಡಗು ನೇರ ಜೆಟ್ಟಿಗೇ ತಾಗುತ್ತದೆ, ಆ ದೋಣಿಯ ಹೆಜ್ಜೆ ಇಲ್ಲ. ಚಳಿ ಮಾತ್ರ ಬಿಡುವುದಿಲ್ಲ. ಅಪ್ಪ ಪ್ರತಿ ಬಂದರಿನಲ್ಲೂ ಫೋರ್ಕ್‌ಲಿಫ್ಟ್ ಏನು ಇಳಿಸುತ್ತಿದೆ ಅಂತ ನೋಡುತ್ತಾ ನಿಂತಿದ್ದರು. ಪರ್ವತದ ಫೋಟೋ ಒಂದೂ ತೆಗೆಯಲಿಲ್ಲ.

ತುಂಗೆ ದಡದವಳು

ನಿಮ್ಮ ಅಪ್ಪ, ನಮ್ಮ ಮಾವ ಒಂದೇ ಜಾತಿ! ಮಾವ ಕವರತ್ತಿಯಲ್ಲಿ ಬೀಚು ಬಿಟ್ಟು ಸಮುದ್ರದ ನೀರಿನಿಂದ ಕುಡಿಯುವ ನೀರು ಮಾಡುವ ಘಟಕದ ಹತ್ತಿರ ನಿಂತುಬಿಟ್ಟರು. 2005ರಲ್ಲಿ ಶುರುವಾದದ್ದಂತೆ, ದಿನಕ್ಕೆ ಒಂದು ಲಕ್ಷ ಲೀಟರ್. ಮೇಲಿನ ಬೆಚ್ಚಗಿನ ನೀರನ್ನು ಒತ್ತಡ ಕಮ್ಮಿ ಮಾಡಿ ಆವಿ ಮಾಡುತ್ತಾರೆ, ಆಳದಿಂದ ಎಳೆದ ತಣ್ಣೀರಿನಿಂದ ಆ ಆವಿಯನ್ನು ಮತ್ತೆ ನೀರು ಮಾಡುತ್ತಾರೆ. ಭದ್ರಾವತಿ ಕಾರ್ಖಾನೆಯಲ್ಲಿ ಬಾಯ್ಲರ್ ನೋಡಿಕೊಂಡವರಿಗೆ ಬಂಗಾರದ ಮರಳೂ ಬೇಡ, ಹವಳವೂ ಬೇಡ.

ಸಾರ್ ಕೇಳಿದ ಮಿನಿಕಾಯ್ ಬಗ್ಗೆ ಬರೆಯಲು ಬಿಟ್ಟೇಹೋಗಿತ್ತು. ನಮಗೆಲ್ಲ ಹಿಡಿಸಿದ್ದು ಅದೇ ದ್ವೀಪ. ಮಿಕ್ಕ ಕಡೆ ಮಲಯಾಳಂಗೆ ಹತ್ತಿರದ ಮಾತು, ಇಲ್ಲಿ ಮಹಲ್, ಮಾಲ್ಡೀವ್ಸ್ ಕಡೆಯ ಭಾಷೆ. ನಮ್ಮ ಮಗ ಕಲಿತಿದ್ದ ‘ವಾ, ಪೋ’ ಇಲ್ಲಿ ನಡೆಯಲಿಲ್ಲ. ಒಂದೊಂದು ಕೇರಿಗೂ ಒಂದು ಸಮುದಾಯದ ಮನೆ, ಬಣ್ಣ ಬಳಿದ ಉದ್ದನೆಯ ಸ್ಪರ್ಧೆಯ ದೋಣಿ. 1885ರ ದೀಪಸ್ತಂಭ ಹತ್ತಿದೆವು, ಮಾವ ಕೆಳಗೇ ಕೂತರು. ಮೇಲಿನಿಂದ ನೋಡಿದರೆ ಇಡೀ ದ್ವೀಪ ಬಿಲ್ಲಿನ ಹಾಗೆ ಬಾಗಿದೆ. ಒಂದು ಕಡೆ ಕಡುನೀಲಿ, ಒಂದು ಕಡೆ ತಿಳಿಹಸಿರು. ಮಗಳು ಅಲ್ಲಿಂದ ಇಳಿಯಲು ಒಪ್ಪಲಿಲ್ಲ. “ಇದು ಕ್ರೂಸಾ” ಅನ್ನುವ ಪ್ರಶ್ನೆ ಆಮೇಲೆ ಬರಲಿಲ್ಲ, ನಾನೂ ಕೆಣಕಲಿಲ್ಲ.

ನೆತ್ತಿ ಬಿಸಿಲು

ಎಲ್ಲರೂ ಹೊಗಳುತ್ತಿದ್ದೀರಿ, ನಾನು ಸ್ವಲ್ಪ ಹುಳಿ ಹಿಂಡುತ್ತೇನೆ. ಲಕ್ಷದ್ವೀಪದ ಒಟ್ಟು ನೆಲ 32 ಚದರ ಕಿ.ಮೀ. 2011ರ ಜನಗಣತಿಯಲ್ಲಿ ಅಲ್ಲಿ 64 ಸಾವಿರ ಜನ. ಕುಡಿಯುವ ಸಿಹಿನೀರು ಅಂದರೆ ಮರಳಿನಡಿ ಉಪ್ಪುನೀರಿನ ಮೇಲೆ ತೇಲುವ ತೆಳ್ಳನೆಯ ಪದರ. ಜಾಸ್ತಿ ಎತ್ತಿದರೆ ಬಾವಿ ಉಪ್ಪಾಗುತ್ತದೆ. ಹವಳ 1998, 2010, 2016ರಲ್ಲಿ ಸಮುದ್ರ ಬಿಸಿಯಾಗಿ ಬಿಳುಚಿತು, 2024ರಲ್ಲಿ ಮತ್ತೆ. 2024ರ ಜನವರಿಯಲ್ಲಿ ಪ್ರಧಾನಿ ಹೋಗಿ ಬಂದ ಮೇಲೆ ಎಲ್ಲರ ಬಾಯಲ್ಲೂ ಲಕ್ಷದ್ವೀಪ. ಮಾಲ್ಡೀವ್ಸ್ ಬದಲು ಅಂತ ಹೊರಟವರಿಗೆ ಆ ಬಾವಿಯ ಲೆಕ್ಕ ಗೊತ್ತಿದೆಯೇ?

ಬಂದರ್ ರೋಡ್

ನೀವು ಹೇಳಿದ್ದಕ್ಕೆ ಎದುರು ಮಾತಿಲ್ಲ. ಆದರೆ ದ್ವೀಪದವರಿಗೆ ಟ್ಯೂನಾ, ಕೊಬ್ಬರಿ, ಸರ್ಕಾರಿ ಕೆಲಸ ಬಿಟ್ಟರೆ ದುಡಿಮೆ ಏನಿದೆ? ಬೇಡ ಅನ್ನಬೇಕಾದವರು ಅವರು, ನಾವಲ್ಲ.

ತುಂಗೆ ದಡದವಳು

ಇಬ್ಬರ ಮಾತೂ ನನಗೆ ಅಲ್ಲಿ ಕೇಳಿಬಂತು. ಒಬ್ಬ ದೋಣಿಯವರು “ಹಡಗಿನಲ್ಲಿ ಬಂದು ಹಡಗಿನಲ್ಲೇ ಮಲಗುವ ನಿಮ್ಮಂಥವರು ಪರವಾಗಿಲ್ಲ, ದೊಡ್ಡ ಹೋಟೆಲ್ ಬಂದರೆ ನಮ್ಮ ಬಾವಿ ಗತಿ?” ಅಂದರು. ಅವರ ತಮ್ಮನೇ ಪಕ್ಕದಲ್ಲಿ ಹೋಂಸ್ಟೇ ಕಟ್ಟುವ ಲೆಕ್ಕ ಹಾಕುತ್ತಿದ್ದ. ಒಂದೇ ಮನೆಯಲ್ಲಿ ಎರಡು ಮತ.

ಹವಳದ ವಿಷಯ ಬಂತು, ಹೇಳಿಬಿಡುತ್ತೇನೆ. ಕಲ್ಪೇನಿಯ ದಡದಲ್ಲಿ ಬಿಳಿ ಹವಳದ ತುಂಡುಗಳು ಹಾಗೇ ಬಿದ್ದಿರುತ್ತವೆ. ನಮ್ಮ ಮಗ ಜೇಬು ತುಂಬಿಸಿಕೊಂಡಿದ್ದ. ಗೈಡ್ ಬೈಯಲಿಲ್ಲ, ಮೊಣಕಾಲೂರಿ ಕೂತು ಒಂದೊಂದಾಗಿ ವಾಪಸ್ ಇಡಿಸಿದರು. ಸತ್ತ ಹವಳ ಒಯ್ಯುವುದೂ ವನ್ಯಜೀವಿ ಕಾಯ್ದೆಯಲ್ಲಿ ಅಪರಾಧ. ಮಕ್ಕಳಿಗೆ ಮೊದಲೇ ಹೇಳಿಟ್ಟಿರಿ.

ಅಮ್ಮನ ಮಗ

ರಾಯರೇ, ತುಂಬ ಥ್ಯಾಂಕ್ಸ್. ಧೈರ್ಯ ಬಂತು. ಯಾವ ತಿಂಗಳು ಒಳ್ಳೆಯದು?

ಎಂಜಿನ್ ರೂಮ್ ರಾಯರು

ಡಿಸೆಂಬರ್ ಕೊನೆಯಿಂದ ಮಾರ್ಚ್. ಸಮುದ್ರ ಆಗ ಶಾಂತವಾಗಿರುತ್ತದೆ, ದೋಣಿ ಹತ್ತುವುದೂ ಸುಲಭ. ಏಪ್ರಿಲ್‌ನಲ್ಲಿ ಸೆಕೆ. ಮೇ ಮಧ್ಯದಿಂದ ಮುಂಗಾರಿನ ಅಲೆ ಏಳುತ್ತದೆ, ಆ ಕಡೆ ಯೋಚನೆಯೇ ಬೇಡ. ಅಕ್ಟೋಬರ್-ನವೆಂಬರ್‌ನಲ್ಲಿ ಅರಬ್ಬಿ ಸಮುದ್ರದಲ್ಲಿ ಚಂಡಮಾರುತ ಏಳುವುದುಂಟು. ಆಗ ಹೊರಡುವುದು ತಡವಾಗಬಹುದು, ಆದ್ದರಿಂದ ವಾಪಸ್ ರೈಲು ಟಿಕೆಟನ್ನು ಹಡಗು ಬಂದ ದಿನವೇ ಇಟ್ಟುಕೊಳ್ಳಬೇಡಿ.

ಗಿರ್ಮಿಟ್

ಇನ್ನೊಂದು. ಪರ್ಮಿಟ್ ಕಿರಿಕಿರಿ ಎಷ್ಟು? ಮತ್ತೆ... ಸಂಜೆ ಡೆಕ್ ಮೇಲೆ ತಣ್ಣಗೆ ಒಂದು ಬಿಯರ್ ಸಿಗುತ್ತದಾ? ನಮ್ಮ ಭಾವ ಕೇಳಿದರು, ನಾನಲ್ಲ.

ತುಂಗೆ ದಡದವಳು

ಭಾವನಿಗೆ ಹೇಳಿ, ಇಲ್ಲ. ಲಕ್ಷದ್ವೀಪದಲ್ಲಿ ಪಾನನಿಷೇಧ ಇದೆ, ಬಂಗಾರಂ ರೆಸಾರ್ಟ್ ಬಿಟ್ಟು. ಚೀಲದಲ್ಲಿ ಒಯ್ಯುವ ಯೋಚನೆಯೂ ಬೇಡ, ಹತ್ತುವ ಮುಂಚೆ ತಪಾಸಣೆ ಇದೆ.

ದ್ವೀಪದವರಲ್ಲದ ಎಲ್ಲರಿಗೂ ಪ್ರವೇಶ ಪರವಾನಗಿ ಬೇಕು. ಪ್ಯಾಕೇಜಿನಲ್ಲಿ ಹೋದರೆ ಅವರೇ ಮಾಡಿಸುತ್ತಾರೆ, ನೀವು ಗುರುತಿನ ಚೀಟಿ, ಫೋಟೋ ಕಳಿಸಬೇಕು, ಪೊಲೀಸ್ ಪ್ರಮಾಣಪತ್ರ ಕೇಳಿದರೆ ಅದೂ. ಎಲ್ಲರ ಆಧಾರ್‌ನಲ್ಲಿ ಹೆಸರು, ಹುಟ್ಟಿದ ತಾರೀಖು ಒಂದೇ ಥರ ಇದೆಯಾ ಅಂತ ಮೊದಲು ನೋಡಿಕೊಳ್ಳಿ. ಅತ್ತೆಯದ್ದು ಒಂದು ಕಡೆ ‘ಸರೋಜಮ್ಮ’, ಇನ್ನೊಂದು ಕಡೆ ‘ಸರೋಜಾ’ ಆಗಿ, ಅದಕ್ಕೇ ಒಂದು ವಾರ ಓಡಾಟ.

ಗಿರ್ಮಿಟ್

ಸರಿ ಅಕ್ಕಾರೆ. ಮಗಳಿಗೆ ಐದಾಗಲಿ, ಆಮೇಲೆ ಹೊರಡುತ್ತೇವೆ. ತಾಯಿಯವರು ಮಾಸ್ ಬೀದಿ ಬಿಟ್ಟು ಉಳಿದ ಕಡೆಯೆಲ್ಲ ಬರುತ್ತಾರಂತೆ. ಭಾವ ಬರುವುದಿಲ್ಲವಂತೆ.